ಜಪಾನೀ ಚಿತ್ರಗಳಲ್ಲಿ ಮನೆ ಬಿಡದ ಪ್ರೇತ

ಭಯದಲ್ಲಿ ಎರಡು ಬಗೆಯುಂಟು. ಕಾಡಿನ ದಾರಿಯಲ್ಲಿ ಹುಲಿಯೋ ಕಳ್ಳನೋ ಎದುರಾದಾಗ ಆಗುವ ಭಯ ಒಂದು. ಓಡಿ ಬಂದು ಮನೆಯ ಬಾಗಿಲಿಗೆ ಅಗಣಿ ಹಾಕಿದೊಡನೆ ಅದು ತೀರಿತು. ಇನ್ನೊಂದು ಭಯಕ್ಕೆ ಅಗಣಿ ಹಾಕಿ ಪ್ರಯೋಜನವಿಲ್ಲ. ಏಕೆಂದರೆ ಅದು ಇರುವುದೇ ಒಳಗೆ. ದೀಪ ಆರಿಸಿ ಮಲಗಿದ ಮೇಲೆ ಅಟ್ಟದಲ್ಲಿ ಕೇಳುವ ಹೆಜ್ಜೆಯ ಸದ್ದು, ಯಾರೂ ಇಲ್ಲದ ಕೋಣೆಯಿಂದ ಬರುವ ನಿಟ್ಟುಸಿರು, ಇವು ಆ ಜಾತಿಗೆ ಸೇರಿದವು. ಭಯಾನಕ ರಸಕ್ಕೆ ಕಾರಣಗಳನ್ನು ಎಣಿಸುವಾಗ ಭರತಮುನಿಯ ನಾಟ್ಯಶಾಸ್ತ್ರವು ಅರಣ್ಯದ ಜೊತೆಯಲ್ಲಿಯೇ ಶೂನ್ಯಗೃಹವನ್ನೂ ಹೇಳಿದೆ. ಈ ಶೂನ್ಯಗೃಹದ ಭಯವನ್ನು ಚಲಚ್ಚಿತ್ರದಲ್ಲಿ ಜಪಾನೀಯರಷ್ಟು ಶ್ರದ್ಧೆಯಿಂದ ಬೆಳೆಸಿದವರು ವಿರಳ.

ದೆವ್ವದ ಚಿತ್ರವೆಂದರೆ ಹಿರಿಯರು ಮೂಗು ಮುರಿಯುತ್ತಾರೆ, ಹುಡುಗರು ಕಿವಿ ನಿಮಿರಿಸುತ್ತಾರೆ. ನನ್ನ ತರಗತಿಯ ಹುಡುಗರು ಎಷ್ಟೋ ಸಲ ಕೇಳಿದ್ದಾರೆ: "ಸಾರ್, ಆ ಜಪಾನೀ ದೆವ್ವ ಯಾವಾಗಲೂ ಹೆಂಗಸೇ ಯಾಕೆ? ಕೂದಲು ಯಾಕೆ ಮುಖದ ಮೇಲೆ? ಅದು ಆ ಮನೆ ಬಿಟ್ಟು ಯಾಕೆ ಹೋಗೋದಿಲ್ಲ?" ಪ್ರಶ್ನೆ ಹುಡುಗಾಟದ್ದಾಗಿ ಕಂಡರೂ ಉತ್ತರ ಹುಡುಗಾಟದ್ದಲ್ಲ. ಈ ಪ್ರೇತ ಯಾರು, ಅದು ಬೇಡುವುದೇನು, ಅದಕ್ಕೆ ಮನೆಯೇ ಏಕೆ ಬೇಕು, ಎಂಬ ಮೂರು ಮಾತುಗಳನ್ನು ಇಲ್ಲಿ ಸ್ವಲ್ಪ ವಿಚಾರಿಸೋಣ.

ಜಪಾನೀ ಭಾಷೆಯಲ್ಲಿ ಪ್ರೇತಕ್ಕೆ 'ಯೂರೇಯ್' ಎಂಬುದು ಸಾಮಾನ್ಯ ಹೆಸರು. ಅದರಲ್ಲಿ ಸೇಡನ್ನು ಹೊತ್ತು ನಿಂತದ್ದಕ್ಕೆ 'ಓನ್ರ್ಯೋ' ಎಂದು ಬೇರೆಯ ಹೆಸರಿದೆ. ಇದಕ್ಕೆ ಮೂಲವಾದ ಭಾವವನ್ನು ಅವರು 'ಉರಾಮಿ' ಎನ್ನುತ್ತಾರೆ. ಈ ಮಾತನ್ನು ಕನ್ನಡದಲ್ಲಿ ಒಂದೇ ಪದದಿಂದ ಹೇಳುವುದು ಕಷ್ಟ. ಹಗೆ ಎಂದರೆ ಸಾಲದು. ಅಳಲು ಎಂದರೂ ಸಾಲದು. ಅನ್ಯಾಯಕ್ಕೆ ಒಳಗಾಗಿ, ಅದನ್ನು ಹೇಳಿಕೊಳ್ಳಲು ಎಡೆಯಿಲ್ಲದೆ, ಹೇಳಿಕೊಂಡರೂ ಕೇಳುವವರಿಲ್ಲದೆ, ಒಡಲೊಳಗೇ ಉಳಿದುಹೋದ ಉರಿ ಎಂದರೆ ಅರ್ಥ ಸಮೀಪಕ್ಕೆ ಬರುತ್ತದೆ. ದೇಹ ಹೋದರೂ ಆ ಉರಿ ಆರುವುದಿಲ್ಲವೆಂಬುದು ಅಲ್ಲಿನ ನಂಬಿಕೆ. ಆದ್ದರಿಂದ ಓನ್ರ್ಯೋ ಎಂಬುದು ಹುಟ್ಟಿನಿಂದಲೇ ಕೆಟ್ಟದ್ದಾದ ಭೂತವಲ್ಲ. ಬದುಕಿದ್ದಾಗ ನಮ್ಮ ನಿಮ್ಮಂತೆಯೇ ಇದ್ದು, ನ್ಯಾಯ ಸಿಗದೆ ಸತ್ತ ಮನುಷ್ಯಜೀವ.

ಇದಕ್ಕೆ ಇತಿಹಾಸದಿಂದಲೇ ಒಂದು ಉದಾಹರಣೆ ಕೊಡಬಹುದು. ಸುಗಾವಾರಾ ನೊ ಮಿಚಿಜಾನೆ ಎಂಬಾತನು ಚಕ್ರವರ್ತಿಯ ಆಸ್ಥಾನದಲ್ಲಿ ಮಂತ್ರಿಪದವಿಗೆ ಏರಿದ ವಿದ್ವಾಂಸ, ಕವಿ. ಎದುರಾಳಿಗಳು ಹೊರಿಸಿದ ಅಪವಾದದಿಂದ ದೂರದ ದಜಾಯಿಫು ಎಂಬಲ್ಲಿಗೆ ದೂಡಲ್ಪಟ್ಟು, ೯೦೩ರಲ್ಲಿ ಅಲ್ಲಿಯೇ ತೀರಿಕೊಂಡ. ಆಮೇಲೆ ರಾಜಧಾನಿಯಲ್ಲಿ ರೋಗ, ಬರ, ಅಕಾಲ ಮರಣಗಳು ಕಾಣಿಸಿದವು. ೯೩೦ರಲ್ಲಿ ಅರಮನೆಗೇ ಸಿಡಿಲೆರಗಿತು. ಇದು ಮಿಚಿಜಾನೆಯ ಪ್ರೇತದ ಕೋಪವೆಂದು ಎಲ್ಲರೂ ನಡುಗಿದರು. ಕಸಿದುಕೊಂಡ ಪದವಿಯನ್ನು ಸತ್ತವನಿಗೆ ಹಿಂದಕ್ಕೆ ಕೊಟ್ಟರು. ಕ್ಯೋತೋ ನಗರದ ಕಿತಾನೊ ಎಂಬಲ್ಲಿ ಗುಡಿ ಕಟ್ಟಿ 'ತೆಂಜಿನ್' ಎಂಬ ದೇವರನ್ನಾಗಿ ಪೂಜಿಸಿದರು. ಒಂದು ಕಾಲಕ್ಕೆ ಸಿಡಿಲಾಗಿ ಕಾಡಿದ ಆ ಪ್ರೇತವೇ ಈಗ ಜಪಾನಿನ ವಿದ್ಯಾದೇವತೆ. ಪರೀಕ್ಷೆಯ ಕಾಲ ಬಂದಿತೆಂದರೆ ವಿದ್ಯಾರ್ಥಿಗಳು ಅಲ್ಲಿಗೆ ಹೋಗಿ ಮರದ ಹಲಗೆಯ ಮೇಲೆ ಹರಕೆ ಬರೆದು ತೂಗುಹಾಕುತ್ತಾರೆ. ನೊಂದ ಜೀವಕ್ಕೆ ಸಲ್ಲಬೇಕಾದ ಮರ್ಯಾದೆ ಸಂದರೆ ಕೋಪವೇ ಕೃಪೆಯಾಗುತ್ತದೆ ಎಂಬ ತತ್ತ್ವವನ್ನು ಇಲ್ಲಿ ನೀವು ಕಾಣಬಹುದು.

ಆದರೆ ಮಂತ್ರಿಯ ಪ್ರೇತಕ್ಕೆ ಗುಡಿ ಕಟ್ಟಿದರು. ಗಂಡನ ಮನೆಯಲ್ಲಿ ನವೆದು ಸತ್ತ ಹೆಂಡತಿಗೆ, ಧಣಿಯ ಮನೆಯಲ್ಲಿ ಪೆಟ್ಟು ತಿಂದು ಸತ್ತ ಆಳುಮಗಳಿಗೆ ಗುಡಿ ಕಟ್ಟುವವರು ಯಾರು? ಅಂಥವರ ಪಾಲಿಗೆ ದೊರಕಿದ್ದು ಕಥೆ ಮತ್ತು ನಾಟಕ. ಪ್ರೇತವು ಬಹುಮಟ್ಟಿಗೆ ಹೆಂಗಸೇ ಏಕೆ ಎಂಬ ಹುಡುಗರ ಪ್ರಶ್ನೆಗೆ ಉತ್ತರ ಇಲ್ಲಿದೆ. ಬದುಕಿದ್ದಾಗ ಯಾರಿಗೆ ಮಾತು ಕಡಮೆಯೋ, ಸತ್ತ ಮೇಲೆ ಅವರಿಗೇ ಹೇಳಬೇಕಾದದ್ದು ಹೆಚ್ಚು. ಅವರು ನೊಂದದ್ದು ಮನೆಯಲ್ಲಿ. ಆದ್ದರಿಂದ ಅವರು ನಿಲ್ಲುವುದೂ ಮನೆಯಲ್ಲಿ.

ಇಂಥ ಕಥೆಗಳಲ್ಲಿ ಆಳುಮಗಳು ಓಕಿಕುವಿನದು ಬಹು ಪ್ರಸಿದ್ಧವಾದದ್ದು. ಧಣಿಯ ಮನೆಯಲ್ಲಿ ಹತ್ತು ಬೆಲೆಬಾಳುವ ತಟ್ಟೆಗಳಿದ್ದವು. ಅವುಗಳ ಜೋಪಾನ ಓಕಿಕುವಿನದು. ಅವಳು ಧಣಿಯ ಇಚ್ಛೆಗೆ ಒಪ್ಪದಿರಲು ಅವನು ಒಂದು ತಟ್ಟೆಯನ್ನು ಬಚ್ಚಿಟ್ಟು, ಕಳವಿನ ಅಪವಾದ ಹೊರಿಸಿ, ಅವಳನ್ನು ಕೊಂದು ಬಾವಿಗೆ ಎಸೆದನೆಂದು ಒಂದು ಪಾಠ. ಅಂದಿನಿಂದ ರಾತ್ರಿ ಬಾವಿಯೊಳಗಿಂದ ತಟ್ಟೆ ಎಣಿಸುವ ದನಿ ಕೇಳುತ್ತದೆ: ಒಂದು, ಎರಡು, ಮೂರು... ಒಂಬತ್ತರವರೆಗೆ ಬಂದು ನಿಲ್ಲುತ್ತದೆ, ಆಮೇಲೆ ಆಕ್ರಂದನ. ಈ ಕಥೆಗೆ ಒಂದು ಚಂದದ ಮುಗಿತಾಯವೂ ಉಂಟು. ಒಬ್ಬಾತನು ಬಾವಿಯ ಬಳಿ ಕಾದಿದ್ದು, ಅವಳು ಒಂಬತ್ತು ಎಂದೊಡನೆ ತಾನೇ ಗಟ್ಟಿಯಾಗಿ "ಹತ್ತು!" ಎಂದು ಕೂಗಿದನಂತೆ. ಲೆಕ್ಕ ಸರಿಹೋಯಿತು; ದನಿ ಅಡಗಿತು. ಈ "ಹತ್ತು" ಎಂಬ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. ಹಿಮೇಜಿ ಎಂಬ ಊರಿನ ಕೋಟೆಯಲ್ಲಿ 'ಓಕಿಕುವಿನ ಬಾವಿ' ಎಂದು ಒಂದು ಬಾವಿಯನ್ನು ಇಂದಿಗೂ ತೋರಿಸುತ್ತಾರೆ.

ಎರಡನೆಯದು ಓಯಿವಾ ಎಂಬ ಗೃಹಿಣಿಯ ಕಥೆ. ಇದನ್ನು ತ್ಸುರುಯಾ ನಾಂಬೊಕು ಎಂಬ ನಾಟಕಕಾರನು 'ಯೋತ್ಸುಯಾ ಕೈದಾನ್' ಎಂಬ ಕಾಬುಕಿ ನಾಟಕವನ್ನಾಗಿ ಬರೆದ. ೧೮೨೫ರಲ್ಲಿ ಎದೊ ನಗರದಲ್ಲಿ, ಎಂದರೆ ಈಗಿನ ತೋಕಿಯೊದಲ್ಲಿ, ಅದರ ಮೊದಲ ಪ್ರಯೋಗವಾಯಿತು. ಓಯಿವಾಳ ಗಂಡ ಇಯೆಮೋನ್ ಒಡೆಯನನ್ನು ಕಳೆದುಕೊಂಡ ಬಡ ಸಮುರಾಯಿ. ನೆರೆಯ ಶ್ರೀಮಂತರಿಗೆ ತಮ್ಮ ಮೊಮ್ಮಗಳನ್ನು ಅವನಿಗೆ ಕೊಡುವ ಆಸೆ. ಅವರು ಬಾಣಂತಿ ಓಯಿವಾಳಿಗೆ ಔಷಧವೆಂದು ಹೇಳಿ ವಿಷ ಕಳುಹಿಸಿದರು. ಆಕೆ ಕೃತಜ್ಞತೆಯಿಂದ ಕೈಮುಗಿದು ಕುಡಿದಳು. ಮುಖ ವಿಕಾರವಾಯಿತು. ಕನ್ನಡಿಯಲ್ಲಿ ತನ್ನನ್ನು ತಾನು ಕಂಡು, ಆದರೂ ಮರ್ಯಾದಸ್ಥ ಹೆಂಗಸಿನಂತೆ ಸಿಂಗರಿಸಿಕೊಂಡೇ ಆ ನೆರೆಯವರನ್ನು ಕೇಳಿಬರುವೆನೆಂದು ತಲೆ ಬಾಚಲು ಕುಳಿತಳು. ಬಾಚಣಿಗೆಗೆ ಕೂದಲು ಗೊಂಚಲು ಗೊಂಚಲಾಗಿ ಕಿತ್ತು ಬಂದಿತು. ಕೊನೆಗೆ ಕತ್ತಿಯ ಅಲಗು ಕುತ್ತಿಗೆಗೆ ತಗಲಿ ಸತ್ತಳು. ಇಯೆಮೋನನು ಮನೆಯ ಆಳನ್ನೂ ಕೊಂದು, ಎರಡು ಹೆಣಗಳನ್ನು ಒಂದೇ ಬಾಗಿಲ ಹಲಗೆಯ ಎರಡು ಮಗ್ಗುಲಿಗೆ ಬಿಗಿದು ಹೊಳೆಗೆ ಬಿಟ್ಟ. ಮುಂದೊಂದು ದಿನ ಮೀನಿಗೆ ಗಾಳ ಹಾಕಿ ಕುಳಿತಿರುವಾಗ ಆ ಹಲಗೆ ಅವನ ಕಾಲ ಬಳಿಯೇ ತೇಲಿ ಬಂದಿತು. ಒಂದೇ ನಟ ಎರಡು ಹೆಣಗಳ ಪಾತ್ರವನ್ನೂ ವಹಿಸಿ, ಹಲಗೆ ಮಗುಚುವಷ್ಟರಲ್ಲಿ ವೇಷ ಬದಲಿಸುವ ಚಮತ್ಕಾರಕ್ಕೆ ಪ್ರೇಕ್ಷಕರು ಬೆರಗಾದರು.

ಇಲ್ಲಿ ಇನ್ನೊಂದು ಸ್ವಾರಸ್ಯವುಂಟು. ಈ ನಾಟಕವನ್ನು ಮೊದಲು ಆಡಿದಾಗ, ಸ್ವಾಮಿನಿಷ್ಠೆಗೆ ಹೆಸರಾದ ನಲವತ್ತೇಳು ಸಮುರಾಯಿಗಳ 'ಚೂಶಿಂಗುರಾ' ನಾಟಕದೊಡನೆ ಹೆಣೆದು ಆಡಿದರು. ಇಯೆಮೋನ್ ಅದೇ ಒಡೆಯನ ಮನೆತನಕ್ಕೆ ಸೇರಿದವನು. ಒಂದು ನಾಟಕದಲ್ಲಿ ವೀರರು ಒಡೆಯನಿಗಾಗಿ ಪ್ರಾಣ ಕೊಡುತ್ತಾರೆ. ಇನ್ನೊಂದರಲ್ಲಿ ಅದೇ ಗುಂಪಿನವನೊಬ್ಬ ಸ್ವಂತ ಹೆಂಡತಿಯ ಪ್ರಾಣ ತೆಗೆಯುತ್ತಾನೆ. ಬೀದಿಯ ಧರ್ಮಕ್ಕೂ ಮನೆಯೊಳಗಿನ ಅಧರ್ಮಕ್ಕೂ ಎಷ್ಟು ದೂರ ಎಂಬುದನ್ನು ನಾಟಕಕಾರ ಹೀಗೆ ಎದುರುಬದುರಾಗಿ ನಿಲ್ಲಿಸಿ ತೋರಿಸಿದ. ಇಂದಿಗೂ ಈ ಕಥೆಯನ್ನು ಆಡುವ ನಟರು, ಚಿತ್ರ ತೆಗೆಯುವವರು, ಮೊದಲು ಓಯಿವಾಳ ಸಮಾಧಿಗೂ ಗುಡಿಗೂ ಹೋಗಿ ನಮಸ್ಕರಿಸಿ ಬರುವ ಪದ್ಧತಿಯಿದೆ.

ಪ್ರೇತದ ವೇಷವೂ ಈ ಕಾಲದಲ್ಲಿಯೇ ರೂಢಿಗೆ ಬಂದಿತು. ಬಿಳಿಯ ಉಡುಪು ಅಲ್ಲಿ ಹೆಣಕ್ಕೆ ಉಡಿಸುವಂಥದು. ಬದುಕಿರುವ ಹೆಂಗಸು ತಲೆಗೂದಲನ್ನು ಎತ್ತಿ ಕಟ್ಟಿ ಮುಡಿಯುವುದು ಆ ಕಾಲದ ಶಿಷ್ಟಾಚಾರ. ಬಿಚ್ಚಿ ಬಿಟ್ಟರೆ ಅದು ಕಾಯಿಲೆಗೋ ಸಾವಿಗೋ ಗುರುತು. ಕಟ್ಟುಪಾಡಿನಲ್ಲಿದ್ದ ಮುಡಿ ಸತ್ತ ಮೇಲೆ ಬಿಚ್ಚಿಕೊಂಡಿತು. ಪ್ರೇತಕ್ಕೆ ಪಾದವಿಲ್ಲವೆಂಬ ಕಲ್ಪನೆಯನ್ನು ಹದಿನೆಂಟನೆಯ ಶತಮಾನದ ಚಿತ್ರಕಾರ ಮಾರುಯಾಮಾ ಓಕ್ಯೋ ಪ್ರಚಾರಕ್ಕೆ ತಂದನೆಂದು ಹೇಳುತ್ತಾರೆ. ಈ ನಾಟಕಗಳನ್ನು ಆಡುತ್ತಿದ್ದದ್ದು ಸೆಕೆಗಾಲದಲ್ಲಿ. ಮೈ ಜುಮ್ಮೆಂದು ತಂಪಾಗಲಿ ಎಂಬುದು ಅದಕ್ಕೆ ಕೊಡುವ ಒಂದು ಕಾರಣ. ಸತ್ತ ಹಿರಿಯರು ಮನೆಗೆ ಬಂದು ಹೋಗುವರೆಂದು ದೀಪ ಹಚ್ಚುವ 'ಓಬೋನ್' ಹಬ್ಬವೂ ಆಗಲೇ ಬರುತ್ತದೆ. ಬುದ್ಧನ ಶಿಷ್ಯ ಮೌದ್ಗಲ್ಯಾಯನನು ಪ್ರೇತಜನ್ಮದಲ್ಲಿ ಹಸಿದು ನರಳುತ್ತಿದ್ದ ತನ್ನ ತಾಯಿಯನ್ನು ಬಿಡಿಸಿದ ಕಥೆ ಈ ಹಬ್ಬಕ್ಕೆ ಆಧಾರ. ಬೌದ್ಧಧರ್ಮದೊಡನೆ ನಮ್ಮ ನಾಡಿನಿಂದ ಹೊರಟ ಕಥೆಯೊಂದು ಹೀಗೆ ಚೀನಾದ ಮೂಲಕ ಅಲ್ಲಿಗೆ ಹೋಗಿ ನೆಲಸಿತು.

ಇನ್ನು ಚಲಚ್ಚಿತ್ರಕ್ಕೆ ಬರೋಣ. ಓಯಿವಾಳ ಕಥೆಯನ್ನು ಜಪಾನಿನವರು ಎಷ್ಟು ಸಲ ತೆರೆಗೆ ತಂದರೂ ತಣಿದಿಲ್ಲ. ೧೯೪೯ರಲ್ಲಿ ಕಿನೊಶಿತಾ ಕೇಸುಕೆ ಅವರು ಎರಡು ಭಾಗಗಳಾಗಿ ತೆಗೆದ ಚಿತ್ರದಲ್ಲಿ ಪ್ರೇತವು ಗಂಡನ ಅಪರಾಧಿ ಮನಸ್ಸು ಕಾಣುವ ರೂಪ. ೧೯೫೯ರಲ್ಲಿ ನಾಕಾಗಾವಾ ನೊಬುವೊ ಅವರು ಬಣ್ಣದಲ್ಲಿ ತೆಗೆದ ಚಿತ್ರದಲ್ಲಿ ಪ್ರೇತ ನಿಜವಾಗಿಯೇ ಬರುತ್ತದೆ. ಆದರೂ ಎರಡರಲ್ಲಿಯೂ ಲೆಕ್ಕ ಒಂದೇ: ತಪ್ಪು ಮಾಡಿದವನು ಇಯೆಮೋನ್, ದಂಡ ತೆರುವವನೂ ಅವನೇ. ನಮ್ಮ ಗಾದೆಯಲ್ಲಿ ಹೇಳುವುದಾದರೆ 'ಮಾಡಿದ್ದುಣ್ಣೋ ಮಹಾರಾಯ'. ಪ್ರೇಕ್ಷಕನು ನಡುಗಿದರೂ ಮನೆಗೆ ಹೋಗುವಾಗ ಒಂದು ಬಗೆಯ ಸಮಾಧಾನ ಹೊತ್ತು ಹೋಗುತ್ತಾನೆ. ನ್ಯಾಯಾಧಿಕಾರಿ ಕೇಳದ ಮೊರೆಯನ್ನು ಸಾವಾದರೂ ಕೇಳಿತಲ್ಲ ಎಂದು.

ಪ್ರೇತವೆಂದರೆ ಸೇಡು ಮಾತ್ರವೇ ಎಂದು ತಿಳಿದವರು ಮಿಜೊಗುಚಿ ಕೆಂಜಿ ಅವರ 'ಉಗೆತ್ಸು ಮೊನೊಗತಾರಿ'ಯನ್ನು ನೋಡಬೇಕು. ೧೭೭೬ರಲ್ಲಿ ಅಚ್ಚಾದ ಉಏದಾ ಅಕಿನಾರಿಯ ಕಥಾಸಂಗ್ರಹದಿಂದ ಎತ್ತಿಕೊಂಡ ವಸ್ತು ಇದು. ೧೯೫೩ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ಬಹುಮಾನ ಪಡೆಯಿತು. ಯುದ್ಧಕಾಲದಲ್ಲಿ ಹಣದಾಸೆಗೆ ಬಿದ್ದ ಕುಂಬಾರನೊಬ್ಬ ಹೆಂಡತಿ ಮಗುವನ್ನು ಬಿಟ್ಟು ಪಟ್ಟಣಕ್ಕೆ ಹೋಗುತ್ತಾನೆ. ಅಲ್ಲಿ ವಕಾಸಾ ಎಂಬ ಸುಂದರಿಯ ಪ್ರೇತದ ಮೋಹದಲ್ಲಿ ಸಿಕ್ಕಿ ಮೈಮರೆಯುತ್ತಾನೆ. ಕೊನೆಗೆ ಮನೆಗೆ ಮರಳಿದಾಗ ಒಳಗೆ ಯಾರೂ ಇಲ್ಲ, ಒಲೆ ತಣ್ಣಗಿದೆ. ಹೆಂಡತಿಯ ಹೆಸರು ಹಿಡಿದು ಕೂಗುತ್ತ ಹಿಂಬಾಗಿಲಿನಿಂದ ಹೊರಗೆ ಹೋಗಿ ಮನೆಯನ್ನು ಸುತ್ತಿ ಬರುತ್ತಾನೆ. ಅಷ್ಟರಲ್ಲಿ ಅದೇ ಒಲೆಯಲ್ಲಿ ಬೆಂಕಿ ಉರಿಯುತ್ತಿದೆ, ಹೆಂಡತಿ ಅಡಿಗೆ ಮಾಡುತ್ತ ಕುಳಿತಿದ್ದಾಳೆ! ಕ್ಯಾಮೆರಾ ಎಲ್ಲಿಯೂ ಕಡಿಯದೆ ಒಂದೇ ಓಟದಲ್ಲಿ ಇದನ್ನು ತೋರಿಸುತ್ತದೆ. ಅವಳು ಬೈಯುವುದಿಲ್ಲ, ಊಟಕ್ಕಿಟ್ಟು, ಮಲಗಿದವನಿಗೆ ಹೊದಿಸಿ, ದೀಪದ ಬಳಿ ಕುಳಿತು ಹರಿದ ಬಟ್ಟೆ ಹೊಲಿಯುತ್ತಾಳೆ. ಬೆಳಗಾದ ಮೇಲೆ ಊರವರು ಬಂದು, ಅವಳನ್ನು ಸೈನಿಕರು ಕೊಂದು ಬಹುದಿನವಾಯಿತು ಎನ್ನುತ್ತಾರೆ. ಹೊಟ್ಟೆಗೆ ಹಾಕಿಕೊಂಡ ಈ ಪ್ರೇತವು ಕತ್ತಿ ಹಿಡಿದ ಪ್ರೇತಕ್ಕಿಂತ ಹೆಚ್ಚಾಗಿ ಗಂಡನನ್ನು ದಂಡಿಸುತ್ತದೆ ಎಂದು ನನಗೆ ತೋರುತ್ತದೆ.

ಇದೇ ಬಗೆಯದು ಕೊಬಾಯಾಶಿ ಮಸಾಕಿ ಅವರ 'ಕೈದಾನ್'. ೧೯೬೪ರ ಕೊನೆಯಲ್ಲಿ ತೆರೆ ಕಂಡ ಈ ಚಿತ್ರದಲ್ಲಿ ನಾಲ್ಕು ಕಥೆಗಳಿವೆ. ಮೂಲ ಲೇಖಕ ಲಾಫ್ಕಾಡಿಯೊ ಹರ್ನ್. ಇವರು ಗ್ರೀಸಿನ ದ್ವೀಪವೊಂದರಲ್ಲಿ ಹುಟ್ಟಿ, ೧೮೯೦ರಲ್ಲಿ ಜಪಾನಿಗೆ ಬಂದು, ಅಲ್ಲಿನ ಹೆಣ್ಣನ್ನು ಮದುವೆಯಾಗಿ, ಕೊಯಿಜುಮಿ ಯಾಕುಮೊ ಎಂದು ಹೆಸರಿಟ್ಟುಕೊಂಡು ಅಲ್ಲಿಯವರೇ ಆದರು. 'ಕಪ್ಪು ಕೂದಲು' ಎಂಬ ಮೊದಲ ಕಥೆಯಲ್ಲಿ, ಬಡ ಹೆಂಡತಿಯನ್ನು ತೊರೆದು ಸಿರಿವಂತೆಯನ್ನು ಮದುವೆಯಾದ ಸಮುರಾಯಿ ಪಶ್ಚಾತ್ತಾಪಪಟ್ಟು ಹಿಂದಿರುಗುತ್ತಾನೆ. ಹಳೆಯ ಮನೆಯಲ್ಲಿ ಹೆಂಡತಿ ನೂಲುತ್ತ ಕುಳಿತಿದ್ದಾಳೆ, ನಗುತ್ತ ಬರಮಾಡಿಕೊಳ್ಳುತ್ತಾಳೆ. ಬೆಳಗ್ಗೆ ನೋಡಿದರೆ ಮಗ್ಗುಲಲ್ಲಿರುವುದು ಎಲುಬು ಮತ್ತು ಕೂದಲು, ಮನೆ ಪಾಳು.

ರೇಡಿಯೋ ಕೇಳುವ ನಿಮಗೆ ಈ ಚಿತ್ರದ ಶಬ್ದವಿನ್ಯಾಸವನ್ನು ವಿಶೇಷವಾಗಿ ಹೇಳಬೇಕು. ಸಂಗೀತಕಾರ ತಾಕೆಮಿತ್ಸು ತೋರು ಅವರು ಇಲ್ಲಿ ವಾದ್ಯಗಳ ಅಬ್ಬರವನ್ನು ಬಿಟ್ಟು, ಮರ ಸೀಳುವ, ಬಿರಿಯುವ ಸದ್ದುಗಳನ್ನೇ ಸಂಗೀತವಾಗಿ ಬಳಸಿದರು. ಸದ್ದಿಗಿಂತ ಹೆಚ್ಚಾಗಿ ಮೌನವನ್ನು ಬಳಸಿದರು. ಹೆದರಿದವನು ಕಣ್ಣು ಮುಚ್ಚಿಕೊಂಡರೆ ಚಿತ್ರ ಮರೆಯಾದೀತು, ಕಿವಿಗೆ ರೆಪ್ಪೆಯಿಲ್ಲ. ರಾತ್ರಿ ನಾಟಕವನ್ನು ರೇಡಿಯೋದಲ್ಲಿ ಕೇಳಿದವರಿಗೆ ಈ ಮಾತು ಹೊಸದಲ್ಲ. ಬಾಗಿಲು ಕಿರ್ರೆಂದ ಮೇಲೆ ಬರುವ ನಾಲ್ಕು ಕ್ಷಣದ ಮೌನದಲ್ಲಿ ಕೇಳುಗನೇ ದೆವ್ವವನ್ನು ಕಟ್ಟಿಕೊಳ್ಳುತ್ತಾನೆ. ಜಪಾನೀ ಭಯಚಿತ್ರಗಳ ಗುಟ್ಟು ಬಹುಮಟ್ಟಿಗೆ ಇದೇ: ತೋರಿಸುವುದು ಕಡಮೆ, ಕಾಯಿಸುವುದು ಹೆಚ್ಚು.

ಇಲ್ಲಿಯವರೆಗೆ ಪ್ರೇತವು ತನ್ನ ಬಾಕಿಯನ್ನು ಬಾಕಿದಾರನಿಂದಲೇ ಕೇಳುತ್ತಿತ್ತು. ಈ ಧರ್ಮ ಸಡಿಲವಾಗುವುದನ್ನು ೧೯೬೮ರ 'ಕುರೊನೆಕೊ', ಎಂದರೆ 'ಕರಿಯ ಬೆಕ್ಕು', ಎಂಬ ಚಿತ್ರದಲ್ಲಿ ಕಾಣುತ್ತೇವೆ. ನಿರ್ದೇಶಕರು ಶಿಂದೊ ಕನೆತೊ. ಅತ್ತೆ ಸೊಸೆಯರಿಬ್ಬರನ್ನು ಅಲೆಮಾರಿ ಸಮುರಾಯಿಗಳು ಕೆಡಿಸಿ, ಕೊಂದು, ಮನೆಗೆ ಬೆಂಕಿಯಿಟ್ಟು ಹೋಗುತ್ತಾರೆ. ಪ್ರೇತಗಳಾದ ಇವರು ಬಿದಿರುಮೆಳೆಯ ನಡುವಿನ ಮಾಯೆಯ ಮನೆಗೆ ಸಮುರಾಯಿಗಳನ್ನು ಒಬ್ಬೊಬ್ಬರನ್ನಾಗಿ ಕರೆದೊಯ್ದು ಕೊಲ್ಲುತ್ತಾರೆ. ಅಪರಾಧಿ ಯಾರೆಂದು ಕೇಳುವುದಿಲ್ಲ, ಸಮುರಾಯಿಯಾದರೆ ಸಾಕು. ಈ ಪ್ರೇತಗಳನ್ನು ಅಡಗಿಸಲು ನೇಮಕವಾಗಿ ಬಂದವನು ಯಾರು? ಯುದ್ಧಕ್ಕೆ ಹೋಗಿ ಸಮುರಾಯಿಯಾಗಿ ಮರಳಿದ ಅವರದೇ ಮಗ, ಅವಳದೇ ಗಂಡ!

೧೯೭೭ರಲ್ಲಿ ಓಬಾಯಾಶಿ ನೊಬುಹಿಕೊ ಅವರು ತೆಗೆದ 'ಹೌಸು', ಎಂದರೆ ಮನೆ, ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಮೇಲುನೋಟಕ್ಕೆ ಇದೊಂದು ಹುಚ್ಚಾಟದ ಚಿತ್ರ. ಪಿಯಾನೊ ಪೆಟ್ಟಿಗೆಯೇ ಹುಡುಗಿಯೊಬ್ಬಳನ್ನು ನುಂಗುತ್ತದೆ. ನಿರ್ದೇಶಕರ ಚಿಕ್ಕ ಮಗಳು ಹೇಳಿದ ಕಲ್ಪನೆಗಳಿಂದಲೇ ಎಷ್ಟೋ ದೃಶ್ಯಗಳು ಹುಟ್ಟಿದವಂತೆ. ಆದರೆ ಒಳಗಿನ ಕಥೆ ನಗುವಂಥದಲ್ಲ. ಯುದ್ಧಕ್ಕೆ ಹೋದ ವರನು ಮರಳಿ ಬರುವನೆಂದು ಕಾದು ಕಾದು ಸತ್ತ ಹೆಂಗಸು ಆ ಮನೆಯನ್ನು ಬಿಟ್ಟಿಲ್ಲ. ರಜೆ ಕಳೆಯಲು ಬಂದ ಏಳು ಹುಡುಗಿಯರು ಅವಳಿಗೆ ಆಹಾರ. ಯುದ್ಧ ಮಾಡಿದವರು ಯಾರೋ. ಬಾಕಿ ತೆರುವವರು ಯುದ್ಧ ಮುಗಿದ ಮೇಲೆ ಹುಟ್ಟಿದ ಹೆಣ್ಣುಮಕ್ಕಳು.

ಈ ದಾರಿ ೧೯೯೮ರ 'ರಿಂಗು' ಚಿತ್ರದಲ್ಲಿ ಕೊನೆ ಮುಟ್ಟಿತು. ಸುಜುಕಿ ಕೋಜಿ ಅವರು ೧೯೯೧ರಲ್ಲಿ ಪ್ರಕಟಿಸಿದ ಕಾದಂಬರಿಯಿಂದ ನಾಕಾತಾ ಹಿದೆಯೊ ಅವರು ಇದನ್ನು ತೆಗೆದರು. ಒಂದು ವಿಡಿಯೊ ಸುರುಳಿ. ಅದನ್ನು ನೋಡಿದವರು ಏಳನೆಯ ದಿನ ಸಾಯುತ್ತಾರೆ. ಪತ್ರಕರ್ತೆಯೊಬ್ಬಳು ಇದರ ಜಾಡು ಹಿಡಿದು ಹೊರಟು, ಸದಾಕೊ ಎಂಬ ಹುಡುಗಿಯನ್ನು ಬಾವಿಗೆ ತಳ್ಳಿ ಕೊಂದ ಸಂಗತಿಯನ್ನು ಕಂಡುಹಿಡಿಯುತ್ತಾಳೆ. ಸದಾಕೊಳ ತಾಯಿಗೆ ದಿವ್ಯದೃಷ್ಟಿಯುಂಟೆಂದು ಪಂಡಿತರ ಮುಂದೆ ಪ್ರದರ್ಶನ ಮಾಡಿಸಿ, ಆಮೇಲೆ ಮೋಸಗಾತಿಯೆಂದು ಜರೆದ ಪ್ರಸಂಗವೂ ಕಥೆಯಲ್ಲಿ ಬರುತ್ತದೆ. ಇದಕ್ಕೆ ಇತಿಹಾಸದ ನೆರಳಿದೆ: ೧೯೧೦ರಲ್ಲಿ ಮಿಫುನೆ ಚಿಜುಕೊ ಎಂಬ ಹೆಣ್ಣುಮಗಳನ್ನು ಪ್ರಾಧ್ಯಾಪಕ ಫುಕುರಾಯಿ ಇಂಥದೇ ಪರೀಕ್ಷೆಗೆ ಒಡ್ಡಿದರು. ಸಂಶಯದ ಮಾತುಗಳು ಎದ್ದವು. ಮರುವರ್ಷ ಆಕೆ ವಿಷ ಸೇವಿಸಿ ಸತ್ತಳು.

ಪತ್ರಕರ್ತೆ ಬಾವಿಗೆ ಇಳಿಯುತ್ತಾಳೆ. ಸದಾಕೊಳ ಎಲುಬುಗಳನ್ನು ತಾಯಿಯಂತೆ ಎದೆಗೆ ಅಪ್ಪಿಕೊಳ್ಳುತ್ತಾಳೆ. ಓಕಿಕುವಿನ ಕಥೆ ಬಲ್ಲ ಪ್ರೇಕ್ಷಕನು, ಇಗೋ "ಹತ್ತು" ಎಂದಾಯಿತು, ಇನ್ನು ಶಾಂತಿ ಎಂದುಕೊಳ್ಳುತ್ತಾನೆ. ಮರುದಿನವೇ ಬಿಳಿಯ ಉಡುಪಿನ ಸದಾಕೊ, ಮುಖದ ಮೇಲೆ ಕೂದಲಿಳಿಬಿಟ್ಟು, ಟೆಲಿವಿಷನ್ ಪೆಟ್ಟಿಗೆಯೊಳಗಿಂದ ತೆವಳಿಕೊಂಡು ಕೋಣೆಗೇ ಬರುತ್ತಾಳೆ. ಆ ನಡಿಗೆ ಲೋಕದ್ದಲ್ಲವೆಂದು ತೋರಲು ನಟಿಯನ್ನು ಹಿಂದಕ್ಕೆ ನಡೆಸಿ, ಚಿತ್ರವನ್ನು ತಿರುಗುಮುರುಗಾಗಿ ಓಡಿಸಿದರು. ಸದಾಕೊಗೆ ಶಾಂತಿ ಬೇಕಿಲ್ಲ. ತನ್ನ ಉರಿ ಎಲ್ಲರಿಗೂ ಹರಡಬೇಕು. ಬದುಕುವ ಉಪಾಯ ಒಂದೇ: ಸುರುಳಿಯ ಪ್ರತಿ ಮಾಡಿ ಇನ್ನೊಬ್ಬರಿಗೆ ತೋರಿಸುವುದು. ತನ್ನ ಮಗುವನ್ನು ಉಳಿಸಲು ಆ ತಾಯಿ ಸುರುಳಿಯನ್ನು ಹಿಡಿದು ತನ್ನ ತಂದೆಯ ಮನೆಯ ಕಡೆಗೆ ಹೊರಡುವಲ್ಲಿ ಚಿತ್ರ ಮುಗಿಯುತ್ತದೆ. ನಿಜವಾಗಿ ಎದೆ ನಡುಗಿಸುವುದು ಆ ಕೊನೆಯ ದೃಶ್ಯವೇ. ಅಲ್ಲಿ ಪ್ರೇತವೇ ಇಲ್ಲ.

ಶಿಮಿಜು ತಕಾಶಿ ಅವರ 'ಜು-ಓನ್' ೨೦೦೦ದಲ್ಲಿ ವಿಡಿಯೊ ಚಿತ್ರವಾಗಿ ಆರಂಭವಾಗಿ, ೨೦೦೨ರಲ್ಲಿ ದೊಡ್ಡ ಚಿತ್ರವಾಯಿತು. ೨೦೦೪ರಲ್ಲಿ ಅವರೇ ಅಮೆರಿಕದವರಿಗಾಗಿ ಮತ್ತೆ ತೆಗೆದರು. ಇಲ್ಲಿ ಪಾಳು ಕೋಟೆಯಿಲ್ಲ, ಬಿದಿರುಮೆಳೆಯಿಲ್ಲ. ಬೀದಿಯಲ್ಲಿ ಸಾಲಾಗಿ ನಿಂತ ಮನೆಗಳಲ್ಲಿ ಒಂದು ಸಾಧಾರಣವಾದ ಮಹಡಿಮನೆ. ಗಂಡನು ಸಂಶಯದಿಂದ ಹೆಂಡತಿ ಕಯಾಕೊಳನ್ನು ಕೊಂದಿದ್ದಾನೆ. ಮಗು ತೊಶಿಯೊ ಕೂಡ ಉಳಿದಿಲ್ಲ. ಅಂದಿನಿಂದ ಆ ಹೊಸಿಲು ದಾಟಿದವರಿಗೆಲ್ಲ ಸಾವು. ಹಾಸಿಗೆ ಹಿಡಿದ ಮುದುಕಿಯೊಬ್ಬಳನ್ನು ನೋಡಿಕೊಳ್ಳಲು ಬಂದ ಸೇವಾಕರ್ತೆಯನ್ನೂ ಅದು ಬಿಡುವುದಿಲ್ಲ. 'ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ' ಎಂಬ ಗಾದೆಯಂತಾಯಿತು. ಚಿಕ್ಕಂದಿನಲ್ಲಿ ನಾವೆಲ್ಲ ಹೆದರಿಕೆಯಾದಾಗ ಹೊದಿಕೆಯನ್ನು ತಲೆಯ ಮೇಲೆ ಎಳೆದುಕೊಳ್ಳುತ್ತಿದ್ದೆವಲ್ಲವೆ? ಕಯಾಕೊ ಕಾಣಿಸಿಕೊಳ್ಳುವುದು ಆ ಹೊದಿಕೆಯ ಒಳಗೆ! ಅವಳು ಮಾತಾಡುವುದಿಲ್ಲ, ಮುರಿದ ಗಂಟಲಿನಿಂದ ಕಟಕಟವೆಂಬ ಒಂದು ಸದ್ದು ಮಾತ್ರ. ಹೇಳಬೇಕೆಂದಿದ್ದ ಮಾತೆಲ್ಲ ಅಲ್ಲಿಯೇ ಸಿಕ್ಕಿಕೊಂಡಂತೆ.

ಹಳೆಯ ಪ್ರೇತ ತಪ್ಪಿತಸ್ಥನನ್ನು ಹುಡುಕಿತು, ಹೊಸ ಪ್ರೇತ ಎಲ್ಲರನ್ನೂ ಹಿಡಿಯಿತು. ಈ ಬದಲಾವಣೆಗೆ ಕಾರಣವೇನು? ೧೯೯೦ರ ದಶಕದ ಮೊದಲಲ್ಲಿ ಜಪಾನಿನಲ್ಲಿ ಭೂಮಿಯ ಬೆಲೆ, ಷೇರುಗಳ ಬೆಲೆ ಕುಸಿದು ಬಹುಕಾಲ ಚೇತರಿಸಿಕೊಳ್ಳಲಿಲ್ಲ. ಗಂಡ ದುಡಿದು ತರುವ, ಹೆಂಡತಿ ಮನೆ ನಡೆಸುವ ಹಳೆಯ ಏರ್ಪಾಡು ಅಲುಗಿತು. ಈ ಚಿತ್ರಗಳಲ್ಲಿ ಬರುವ ಜನರನ್ನೇ ನೋಡಿ: ಗಂಡನಿಂದ ಬೇರೆಯಾಗಿ ದುಡಿಯುವ ತಾಯಿ, ಮನೆಯಲ್ಲಿ ಒಂಟಿಯಾಗಿರುವ ಮಗು, ಮಕ್ಕಳಿದ್ದೂ ನೋಡುವವರಿಲ್ಲದ ಮುದುಕಿ, ಪಕ್ಕದ ಬಾಗಿಲಿನವರ ಹೆಸರು ತಿಳಿಯದ ಬಾಡಿಗೆಯವರು. ಇವರ ಸಂಕಟಕ್ಕೆ ಒಬ್ಬ ಇಯೆಮೋನನನ್ನು ಬೆರಳಿಟ್ಟು ತೋರಿಸಲಾಗುವುದಿಲ್ಲ. ತಪ್ಪು ಯಾರದೆಂದು ಹೇಳಲಾಗದ ಕಡೆ ಸೇಡೂ ಗುರಿ ತಪ್ಪುತ್ತದೆ. ನನ್ನ ಮಟ್ಟಿಗೆ ಈ ಬದಲಾವಣೆಯ ಅರ್ಥ ಇದು.

ಈ ಮಾತಿಗೆ ನಾಕಾತಾ ಅವರದೇ ೨೦೦೨ರ 'ಕತ್ತಲ ನೀರು' ಒಳ್ಳೆಯ ನಿದರ್ಶನ. ವಿಚ್ಛೇದನದ ವ್ಯಾಜ್ಯದಲ್ಲಿರುವ ತಾಯಿ, ಮಗಳನ್ನು ಕರೆದುಕೊಂಡು ಹಳೆಯ ವಠಾರದ ಮನೆಗೆ ಬರುತ್ತಾಳೆ. ಚಾವಣಿಯಿಂದ ನೀರು ತೊಟ್ಟಿಕ್ಕುತ್ತದೆ. ಕಲೆ ದಿನದಿನಕ್ಕೆ ದೊಡ್ಡದಾಗುತ್ತದೆ. ಮೇಲಿನ ಮನೆಯಲ್ಲಿದ್ದ ಹುಡುಗಿಯೊಬ್ಬಳು ಕಾಣೆಯಾಗಿದ್ದಳು. ಕರೆದೊಯ್ಯುವವರು ಬಾರದೆ, ನೋಡಿಕೊಳ್ಳುವವರಿಲ್ಲದೆ, ಮಾಳಿಗೆಯ ನೀರಿನ ತೊಟ್ಟಿಗೆ ಬಿದ್ದು ಸತ್ತಿದ್ದಳು. ಆ ಪ್ರೇತಕ್ಕೆ ರಕ್ತ ಬೇಡ, ತಾಯಿ ಬೇಕು. ಕೊನೆಗೆ ಈ ತಾಯಿ ತನ್ನ ಮಗಳನ್ನು ಉಳಿಸಲು ಆ ಪ್ರೇತಶಿಶುವನ್ನೇ ಎತ್ತಿಕೊಂಡು, ನಾನೇ ನಿನ್ನ ತಾಯಿ ಎಂದು ಒಪ್ಪಿಕೊಂಡು ಹೋಗಿಬಿಡುತ್ತಾಳೆ. ಇಲ್ಲಿ "ಹತ್ತು" ಎನ್ನುವವರು ಒಬ್ಬರು ದೊರಕಿದರು. ಆದರೆ ಸಾಲ ಅವಳದಲ್ಲ. ಅದರ ಬೆಲೆಯನ್ನು ತಾಯಿಲ್ಲದೆ ಬೆಳೆದ ಅವಳ ಮಗಳು ತೆರಬೇಕಾಯಿತು. ಇದನ್ನು ನೋಡಿ ಹೆದರಿದವರಿಗಿಂತ ಕಣ್ಣೊರೆಸಿಕೊಂಡವರು ಹೆಚ್ಚಾದರೆ ಆಶ್ಚರ್ಯವಿಲ್ಲ.

ಇದೆಲ್ಲ ತೆರೆಯ ಮೇಲಿನ ಮಾತಾಯಿತು, ನಿಜಜೀವನದಲ್ಲಿ ಇದಕ್ಕೇನು ಬೆಲೆ ಎಂದು ನೀವು ಕೇಳಬಹುದು. ಬೆಲೆಯೇ ಉಂಟು! ಕೊಲೆ, ಆತ್ಮಹತ್ಯೆ ಮುಂತಾದವು ನಡೆದ ಮನೆಗಳಿಗೆ ಜಪಾನಿನಲ್ಲಿ 'ಜಿಕೊ ಬುಕ್ಕೆನ್' ಎಂದು ಹೆಸರು. ಅವು ಕಡಮೆ ಬಾಡಿಗೆಗೆ ಹೋಗುತ್ತವೆ. ೨೦೨೧ರ ಅಕ್ಟೋಬರಿನಲ್ಲಿ ಅಲ್ಲಿನ ಸರ್ಕಾರದ ಭೂಮಿ ಮತ್ತು ಸಾರಿಗೆ ಇಲಾಖೆ ಈ ಬಗ್ಗೆ ಮಾರ್ಗಸೂಚಿಯನ್ನೇ ಹೊರಡಿಸಿತು. ವಯಸ್ಸಾಗಿ ಸಹಜವಾಗಿ ಸತ್ತದ್ದನ್ನು ಸಾಮಾನ್ಯವಾಗಿ ಹೇಳಬೇಕಾದದ್ದಿಲ್ಲ. ಅಂಥ ಬೇರೆ ಸಾವು ನಡೆದಿದ್ದರೆ ಸುಮಾರು ೩ ವರ್ಷಗಳವರೆಗೆ ಹೊಸ ಬಾಡಿಗೆಯವರಿಗೆ ತಿಳಿಸಬೇಕು ಎಂಬುದು ಅದರ ಸಾರ. ದೆವ್ವವನ್ನು ಸರ್ಕಾರ ಒಪ್ಪಿತೆಂದು ಇದರರ್ಥವಲ್ಲ. ಒಂದು ಮನೆಯಲ್ಲಿ ನಡೆದ ದುಃಖವು ಸುಣ್ಣ ಬಳಿದೊಡನೆ ಅಳಿಸಿಹೋಗುವುದಿಲ್ಲ, ಒಳಗೆ ಬರುವವರಿಗೆ ಅದನ್ನು ತಿಳಿಯುವ ಹಕ್ಕಿದೆ, ಎಂಬುದನ್ನಷ್ಟೇ ಒಪ್ಪಿತು.

ನೋಡಬೇಕೆನ್ನುವವರಿಗೆ ಒಂದೆರಡು ಸೂಚನೆ. 'ರಿಂಗು', 'ಜು-ಓನ್' ಮಕ್ಕಳಿಗೆ ತಕ್ಕವಲ್ಲ. 'ಕುರೊನೆಕೊ'ವಿನ ಮೊದಲ ದೃಶ್ಯ ದೊಡ್ಡವರಿಗೂ ಕಷ್ಟ. ಮನೆಯ ಹಿರಿಯರೆಲ್ಲ ಕುಳಿತು ನೋಡಲು 'ಉಗೆತ್ಸು'ವಿನಿಂದ ಆರಂಭಿಸಿ 'ಕೈದಾನ್'ಗೆ ಬರುವುದು ಮೇಲು. ಅವನ್ನು ನೋಡಿದ ಮೇಲೆ ಹೊಸ ಚಿತ್ರಗಳಿಗೆ ಹೋದರೆ, ಕೂದಲಿಳಿಬಿಟ್ಟ ಆ ಆಕಾರದ ಹಿಂದೆ ಓಯಿವಾ ಮತ್ತು ಓಕಿಕು ನಿಂತಿರುವುದು ನಿಮಗೆ ಕಾಣುತ್ತದೆ.

ಭಯಾನಕಕ್ಕೆ ಭಯವೇ ಸ್ಥಾಯಿಭಾವವೆಂದು ಶಾಸ್ತ್ರ ಹೇಳುತ್ತದೆ, ಅದು ಸರಿ. ಆದರೆ ಈ ಚಿತ್ರಗಳಲ್ಲಿ ಭಯದ ಬೇರನ್ನು ಹಿಡಿದು ಹೋದರೆ ಸಿಕ್ಕುವುದು ಕರುಣ. ಪ್ರೇತ ಬಂದುದಕ್ಕಿಂತ ಪ್ರೇತವಾಗುವವರೆಗೆ ಅವಳ ಮೊರೆಯನ್ನು ಯಾರೂ ಕೇಳಲಿಲ್ಲವೆಂಬುದೇ ಹೆಚ್ಚು ಭಯಂಕರ. ಮನೆಗಳಲ್ಲಿ ಗಟ್ಟಿಯಾಗಿ ಮಾತಾಡುವವರೂ ಇರುತ್ತಾರೆ, ಬಾಯಿ ಬಿಡದೆ ಒಂಬತ್ತರವರೆಗೆ ಎಣಿಸಿ ಸುಮ್ಮನಾಗುವವರೂ ಇರುತ್ತಾರೆ. ಆಳುಮಗಳಿರಬಹುದು, ಸೊಸೆಯಿರಬಹುದು, ಮೂಲೆಯ ಹಾಸಿಗೆಯ ಮುದುಕಿಯಿರಬಹುದು. ಅವರು ಬದುಕಿರುವಾಗಲೇ ಕಿವಿಗೊಟ್ಟು "ಹತ್ತು" ಎನ್ನುವುದು ಸುಲಭ. ಅದಕ್ಕೆ ಮಂತ್ರವಾದಿ ಬೇಕಿಲ್ಲ.